ಜೀನ್‌ಗಳ ‘ನಿಯಂತ್ರಣ’, ಕೋಶದ ‘ಗುರುತು’: ಬೇರೆ ಪದಗಳಿವೆಯೇ?

ಮಾನ್ಯರೇ,

ಉಡುಪಿಯಲ್ಲಿ ಸಾರ್ವಜನಿಕರಿಗಾಗಿ ಸಿದ್ಧವಾಗುತ್ತಿರುವ, ಹೃದ್ರೋಗದ ಕುರಿತಾದ ಕಿರುಪುಸ್ತಕವೊಂದರ ಕರಡನ್ನು ತಿದ್ದುತ್ತಿದ್ದೇನೆ. ಅದರ ಎರಡು ಪದಗಳ ಬಗ್ಗೆ ತಮ್ಮ ಅಭಿಪ್ರಾಯ ಬೇಕಾಗಿದೆ.

ಅಪಧಮನಿಯ ನಡುಪದರದಲ್ಲಿರುವ ನಯವಾದ ಸ್ನಾಯುಕೋಶಗಳ ಕೆಲಸ ಸಂಕುಚಿಸುವುದು ಮತ್ತು ಸಡಿಲಗೊಳ್ಳುವುದು. ಇದಕ್ಕೆ ಬೇಕಾದ ಜೀನ್‌ಗಳನ್ನು ಮಯೊಕಾರ್ಡಿನ್ ಎಂಬ ಪ್ರೋಟೀನು ಎಸ್‌ಆರ್‌ಎಫ್ ಎಂಬ ಇನ್ನೊಂದರ ಜೊತೆಗೂಡಿ ಚಾಲನೆಯಲ್ಲಿಡುತ್ತದೆ. ನಾಳದ ಗೋಡೆಯಲ್ಲಿ ಕೊಬ್ಬು ಸೇರಿ ಉರಿಯೂತ ಹೆಚ್ಚಿದಾಗ ಕೆಎಲ್‌ಎಫ್4 ಎಂಬ ಪ್ರೋಟೀನು ಮೇಲುಗೈ ಪಡೆದು ಅವೇ ಜೀನ್‌ಗಳನ್ನು ಅಡಗಿಸುತ್ತದೆ. ಆಗ ಕೋಶವು ಸಂಕುಚಿಸುವುದನ್ನು ಬಿಟ್ಟು ಒಳಪದರಕ್ಕೆ ಸರಿದು ಹೆಚ್ಚತೊಡಗುತ್ತದೆ. ಕೆಲವೊಮ್ಮೆ ಕೊಬ್ಬು ನುಂಗಿದ ಮ್ಯಾಕ್ರೊಫೇಜ್ ಎಂಬ ರೋಗನಿರೋಧಕ ಕೋಶದಂತೆಯೇ ಕಾಣುತ್ತದೆ.

ಕರಡಿನಲ್ಲಿ ಇದನ್ನೆಲ್ಲ ‘ಜೀನ್ ನಿಯಂತ್ರಣ’ ಎಂದಿದ್ದಾರೆ. ‘ಶುಗರ್ ಕಂಟ್ರೋಲಿನಲ್ಲಿ ಉಂಟು’ ಎನ್ನುವ ನಮ್ಮೂರಿನವರಿಗೆ ನಿಯಂತ್ರಣವೆಂದರೆ ಹತೋಟಿ, ಅಂದರೆ ತಗ್ಗಿಸುವುದು. ಮಯೊಕಾರ್ಡಿನ್ ಮಾಡುವುದು ಅದಕ್ಕೆ ತೀರಾ ವಿರುದ್ಧವಾದ ಕೆಲಸ. ‘ನಿಯಮನ’ ಎಂದರೆ ಚಾಲನೆ, ತಡೆ ಎರಡೂ ಅದರಲ್ಲಿ ಸೇರುತ್ತವೆ, ಆದರೆ ಪುಸ್ತಕದ ವಾಸನೆ ಬಂದೀತು.

ಹೆಚ್ಚಿನ ತೊಡಕಿರುವುದು ‘ಗುರುತು’ ಎಂಬಲ್ಲಿ. ಕೋಶವು ಯಾವ ಬಗೆಯದು ಎಂಬುದಕ್ಕೆ, ಅಂದರೆ ಇಂಗ್ಲಿಷಿನ ‘ಐಡೆಂಟಿಟಿ’ಗೆ, ಕರಡಿನಲ್ಲಿ ಈ ಪದವಿದೆ. ಕೋಶವು ಇಂಥದ್ದೆಂದು ತೋರಿಸಿಕೊಡುವ ಎಂವೈಎಚ್11ರಂತಹ ಪ್ರೋಟೀನನ್ನೂ ಗುರುತು ಎಂದೇ ಬರೆದಿದ್ದಾರೆ. ಸಾಲದ್ದಕ್ಕೆ, ಇಲಿಗಳ ಸ್ನಾಯುಕೋಶಗಳಿಗೆ ಅಳಿಯದ ಹೊಳಪಿನ ಪ್ರೋಟೀನೊಂದನ್ನು ಮೊದಲೇ ಕೂಡಿಸಿ, ಮುಂದೆ ಅವು ಏನಾಗುತ್ತವೆಂದು ಹಿಂಬಾಲಿಸುವ ಪ್ರಯೋಗದಲ್ಲಿಯೂ ‘ಗುರುತು ಹಾಕುವುದು’ ಬರುತ್ತದೆ. ಹೀಗಾಗಿ ‘ಗುರುತು ಹಾಕಿದ ಕೋಶಗಳು ಗುರುತು ಕಳೆದುಕೊಂಡಾಗ ಗುರುತು ಕಾಣುವುದಿಲ್ಲ’ ಎಂಬ ವಾಕ್ಯ ಹುಟ್ಟಿಕೊಂಡಿದೆ. ಸಂಶೋಧನೆಯ ತಿರುಳೇ ಅಲ್ಲಿದೆ: ಸ್ನಾಯುಕೋಶದ ಪ್ರೋಟೀನುಗಳು ಮಾಯವಾದರೂ ಹೊಳಪು ಉಳಿಯುವುದರಿಂದಲೇ, ಮ್ಯಾಕ್ರೊಫೇಜೆಂದು ಎಣಿಸಿದ್ದ ಎಷ್ಟೋ ಕೋಶಗಳ ಮೂಲ ಸ್ನಾಯು ಎಂದು ತಿಳಿಯಿತು.

‘ಅಸ್ಮಿತೆ’ ಎಂದರೆ ಓದುಗರ ಮನಸ್ಸು ಭಾಷೆ, ಸಮುದಾಯಗಳ ಚರ್ಚೆಯತ್ತ ಹೋಗುತ್ತದೆ. ಯಕ್ಷಗಾನಪ್ರಿಯರಾದ ಮಿತ್ರರೊಬ್ಬರು ‘ವೇಷ’ ಸೂಚಿಸಿದರು. ಡಿಎನ್‌ಎ ಬದಲಾಗದಿರುವುದರಿಂದ ಅದು ಅರ್ಧ ಸರಿ; ಆದರೆ ಇಲ್ಲಿ ಹೊರನೋಟವಷ್ಟೇ ಅಲ್ಲ, ಕಸುಬೇ ಬೇರೆಯಾಗುತ್ತದೆ. ನನ್ನ ಒಲವು ‘ಕೋಶಸ್ವರೂಪ’ದ ಕಡೆಗಿದೆ. ‘ರೋಗದ ಸ್ವರೂಪ’ ಎಂಬ ಪ್ರಯೋಗ ಅದೇ ಪುಟದಲ್ಲಿದ್ದರೆ ಗೊಂದಲವಾದೀತೇ? ‘ನಿಯಮನ’ವನ್ನು ಜೀವಶಾಸ್ತ್ರದ ಪಾಠಗಳಲ್ಲಿ ಬಳಸಿದ ಅಧ್ಯಾಪಕರು ಇಲ್ಲಿದ್ದರೆ, ವಿದ್ಯಾರ್ಥಿಗಳು ಅದನ್ನು ಹೇಗೆ ಗ್ರಹಿಸುತ್ತಾರೆಂದು ದಯವಿಟ್ಟು ತಿಳಿಸಬೇಕು.