ಎದೆಯ ಸದ್ದು ನಿಂತರೆ ಉಬ್ಬಸ ಕಡಿಮೆಯಾದಂತೆಯೇ?

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ ತುಂಬಾ ವರ್ಷಗಳಿಂದ ಉಬ್ಬಸ. ಮೊನ್ನೆ ರಾತ್ರಿ ಜೋರಾಯಿತು. ಎದೆಯಲ್ಲಿ ಸುಯ್ ಸುಯ್ ಅಂತ ಸದ್ದು. ಮಲಗಿಸಿ ಬೆನ್ನು ನೀವಿದೆವು. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು, ಸದ್ಯ ಕಡಿಮೆಯಾಯಿತು ಅಂದುಕೊಂಡೆವು. ನೋಡಿದರೆ ಅವರಿಗೆ ಮಾತೇ ಬರುತ್ತಿರಲಿಲ್ಲ. ಆಸ್ಪತ್ರೆಗೆ ಸೇರಿಸಿ, ಈಗ ಮನೆಗೆ ಬಂದಿದ್ದಾರೆ. ನಾವೆಲ್ಲಿ ತಪ್ಪಿದೆವು?

ಉತ್ತರ: ಮನೆಗೆ ಬಂದರು ಅಂತ ಓದಿ ಜೀವ ಬಂದಂತಾಯಿತು. ಕಿರಿದಾದ ಶ್ವಾಸನಾಳದಲ್ಲಿ ಗಾಳಿ ನುಸುಳುವಾಗ ಆ ಸದ್ದು ಬರುತ್ತದೆ. ನಾಳ ಇನ್ನೂ ಬಿಗಿದರೆ ಸದ್ದು ಮಾಡುವಷ್ಟು ಗಾಳಿಯೂ ಓಡಾಡುವುದಿಲ್ಲ. ಒದ್ದಾಡುತ್ತಿದ್ದವರ ಎದೆ ಸುಮ್ನಾದರೆ ನಾವು ವೈದ್ಯರು ಜಾಸ್ತಿ ಹೆದರುತ್ತೇವೆ.

ಅದಕ್ಕೇ ಸದ್ದಿಗಿಂತ ಮಾತು ಗಮನಿಸಿ. ಏನಾದರೂ ಕೇಳಿ. ಎರಡು ಪದಕ್ಕೊಮ್ಮೆ ಉಸಿರೆಳೆದುಕೊಂಡರೆ, ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಸೆಳೆದುಕೊಂಡರೆ, ತುಟಿ ನೀಲಿಯಾದರೆ, ಮಂಪರು ಕವಿದರೆ ತಡಮಾಡದೆ ಆಂಬುಲೆನ್ಸ್ ಕರೆಸಿ. ಕಪ್ಪು ಮೈಬಣ್ಣದವರಲ್ಲಿ ನೀಲಿ ಸುಲಭಕ್ಕೆ ಕಾಣುವುದಿಲ್ಲ. ನಾಲಿಗೆ, ಒಸಡು ನೋಡಿ.

ಮಲಗಿಸಬೇಡಿ. ನೆಟ್ಟಗೆ ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಿ ಕೈ ಊರಿಕೊಳ್ಳಲಿ. ತಕ್ಷಣ ಆರಾಮ ಕೊಡುವ ಇನ್‌ಹೇಲರ್ (ಸಾಮಾನ್ಯವಾಗಿ ನೀಲಿ ಬಣ್ಣದ್ದು) ಕೊಡಿ. ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಂದರಂತೆ, 10 ಪಫ್‌ವರೆಗೆ ಕೊಡಬಹುದು. ಸ್ಪೇಸರ್ (ಇನ್‌ಹೇಲರ್‌ಗೆ ಸಿಕ್ಕಿಸುವ ಕೊಳವೆಯಂಥ ಡಬ್ಬಿ) ಇದ್ದರೆ ಖಂಡಿತ ಬಳಸಿ. ಇಲ್ಲದಿದ್ದರೆ ಔಷಧಿ ಬಹುಪಾಲು ಬಾಯಿ, ಗಂಟಲಲ್ಲೇ ಉಳಿಯುತ್ತದೆ. 10 ಪಫ್ ಆದರೂ ಸುಧಾರಿಸದಿದ್ದರೆ ಕಾಯಬೇಡಿ, ಆಂಬುಲೆನ್ಸ್ ಬೇಕೇ ಬೇಕು.

ಇನ್ನೊಬ್ಬರ ಪ್ರಶ್ನೆ: ಪ್ರಜ್ಞೆ ತಪ್ಪಿದವರು ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಉಸಿರೆಳೆದುಕೊಂಡರೆ? ಉಸಿರಿದೆ ಅಂತ ಸುಮ್ನಿರಬಹುದಾ?

ಉತ್ತರ: ಇರಬಾರದು. ದಯವಿಟ್ಟು ಇದನ್ನು ಮನೆಯವರಿಗೆಲ್ಲ ಹೇಳಿ. ಅದು ಉಸಿರಾಟವಲ್ಲ. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಹಾಗಾಗುವುದುಂಟು. ಪಾಪ, ಉಸಿರಾಡುತ್ತಿದ್ದಾರೆ ಅಂತ ಸುತ್ತ ನಿಂತವರು ಕಾಯುತ್ತಾ ಉಳಿಯುತ್ತಾರೆ. ಅಲುಗಿಸಿ ಕರೆದರೂ ಓಗೊಡದೆ, ಉಸಿರು ಸರಿಯಾಗಿಲ್ಲದಿದ್ದರೆ 10 ಸೆಕೆಂಡಿಗಿಂತ ಜಾಸ್ತಿ ಯೋಚಿಸಬೇಡಿ. ಒಬ್ಬರು ಆಂಬುಲೆನ್ಸ್‌ಗೆ ಫೋನ್ ಮಾಡಲಿ, ಇನ್ನೊಬ್ಬರು ಎದೆಯ ನಡುವೆ ಎರಡೂ ಕೈ ಇಟ್ಟು 5–6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100–120 ಸಲ ಒತ್ತಲಿ. ಒತ್ತುವಾಗ ಪಕ್ಕೆಲುಬು ಮುರಿಯಬಹುದು. ಹೆದರಿ ನಿಲ್ಲಿಸಬೇಡಿ, ಮೂಳೆ ಆಮೇಲೆ ಕೂಡಿಕೊಳ್ಳುತ್ತದೆ.