ಅಪ್‌ಡೇಟ್: ನಮ್ಮೂರ ಜಲ್ಲಿ ಕ್ವಾರಿಯ ಧೂಳು

ಕೆಜಿಎಫ್ ಹತ್ತಿರದ ನಮ್ಮೂರಲ್ಲಿ ಜಲ್ಲಿ ಕ್ವಾರಿಯ ಧೂಳು, ಸಿಡಿತದ ಕಾಟಕ್ಕೆ ಏನು ಮಾಡೋದು ಅಂತ ಕೇಳಿದ್ದೆ. ಜಿಲ್ಲಾ ಖನಿಜ ನಿಧಿಯ ಬಗ್ಗೆ ಹೇಳಿದವರಿಗೆ ತುಂಬಾ ಥ್ಯಾಂಕ್ಸ್. 2015ರ ಕಾನೂನು ತಿದ್ದುಪಡಿಯಿಂದ ಬಂದ ಈ ಹಣ ಗಣಿಯಿಂದ ತೊಂದರೆಯಾದ ಊರುಗಳಿಗಾಗಿಯೇ ಇದೆ. ಕುಡಿಯುವ ನೀರು, ಆರೋಗ್ಯಕ್ಕೆ ಅದರಲ್ಲಿ ಆದ್ಯತೆ. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ನೀರಿನ ಘಟಕಕ್ಕೆ ಅರ್ಜಿ ಕೊಟ್ಟೆವು. ಉತ್ತರ ಇನ್ನೂ ಬಂದಿಲ್ಲ.

ಕ್ವಾರಿಯವರು ಈಗ ಲಾರಿಗೆ ಟಾರ್ಪಾಲ್ ಕಟ್ಟುತ್ತಿದ್ದಾರೆ, ದಾರಿಗೆ ನೀರು ಹೊಡೆಯುತ್ತಿದ್ದಾರೆ. ಸಿಡಿಸುವ ಮೊದಲು ಸೈರನ್ ಕೂಗುತ್ತದೆ. ಅಜ್ಜಿಯ ಕೆಮ್ಮು ಮಾತ್ರ ಕಡಿಮೆಯಾಗಿಲ್ಲ, ಅದೇ ಸಂಕಟ.

ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲೇ ಮುಚ್ಚಿತು, ಆದರೆ ಸೈನೈಡ್ ದಿಬ್ಬಗಳು (ಚಿನ್ನ ತೆಗೆದ ಮೇಲೆ ಸುರಿದ ತ್ಯಾಜ್ಯದ ಗುಡ್ಡೆಗಳು) ಹಾಗೇ ಉಳಿದವು, ಅಲ್ವಾ? ಅದಕ್ಕೇ ಕ್ವಾರಿ ಮುಚ್ಚುವಾಗ ಗುಂಡಿಯನ್ನು ಏನು ಮಾಡುತ್ತೀರಿ ಅಂತ ಈಗಲೇ ಬರೆದು ಕೇಳಿದ್ದೇವೆ.