ಎದುರಿನವರು 2-3 ಝೋನ್ ಹಾಕಿ ನಿಂತರೆ ನಮ್ಮ ಹುಡುಗಿಯರು ಒಳಗೇ ಹೋಗಲ್ಲ, ಏನು ಮಾಡಲಿ?

ಹೈಸ್ಕೂಲ್_ಪಿಟಿ

ಎಲ್ಲರಿಗೂ ನಮಸ್ಕಾರ. ಹಾಸನ ಕಡೆಯ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಿದ್ದೇನೆ. ನಾನು ಆಡಿ ಬೆಳೆದದ್ದು ವಾಲಿಬಾಲ್. ಬಾಸ್ಕೆಟ್‌ಬಾಲ್ ಇಲ್ಲಿಗೆ ಬಂದ ಮೇಲೆ ಮಕ್ಕಳ ಜೊತೆಯಲ್ಲೇ ಕಲಿತದ್ದು.

14ರ ಒಳಗಿನ ಹುಡುಗಿಯರ ತಂಡ ಚೆನ್ನಾಗಿಯೇ ಇದೆ. ಎದುರಿನವರು ಒಬ್ಬರಿಗೆ ಒಬ್ಬರು ಅಂತ ಮ್ಯಾನ್ ಟು ಮ್ಯಾನ್ ಆಡಿದರೆ ಸಲೀಸಾಗಿ ದಾಟಿ ಹೋಗಿ ರಿಂಗ್ ಹತ್ತಿರದಿಂದಲೇ ಲೇ-ಅಪ್ ಹಾಕುತ್ತಾರೆ. ಆದರೆ ತಾಲೂಕು ಮಟ್ಟದ ಪಂದ್ಯದಲ್ಲಿ ಎದುರಿನ ತಂಡ 2-3 ಝೋನ್ ಹಾಕಿತು, ಅಂದರೆ ಆಟಗಾರ್ತಿಯ ಬದಲು ಜಾಗ ಕಾಯುತ್ತಾ ಮುಂದೆ ಇಬ್ಬರು, ಹಿಂದೆ ಮೂವರು ಅಂತ ರಿಂಗ್ ಸುತ್ತ ನಿಂತುಬಿಟ್ಟಿತು. ಮುಗಿಯಿತು ಕಥೆ. ನಮ್ಮವರು ಹೊರಗಡೆಯೇ ಚೆಂಡನ್ನು ಆ ಕಡೆ ಈ ಕಡೆ ಕೊಟ್ಟುಕೊಂಡು ನಿಂತರು, ಕೊನೆಗೆ ಯಾರಿಗೋ ತಾಳ್ಮೆ ತಪ್ಪಿ ದೂರದಿಂದ ಎಸೆಯುವುದು, ಅದು ರಿಂಗ್ ಮುಟ್ಟುವುದೂ ಇಲ್ಲ. ನಮ್ಮ ಕಡೆ ಈ ಮಟ್ಟದ ಪಂದ್ಯಗಳಿಗೆ 24 ಸೆಕೆಂಡಿನೊಳಗೆ ಶಾಟ್ ಹಾಕಬೇಕು ಅನ್ನುವ ಗಡಿಯಾರವೂ ಇರಲ್ಲ, ಇದ್ದಿದ್ದರೆ ಇನ್ನೂ ಕಷ್ಟವಾಗುತ್ತಿತ್ತೇನೋ.

ಜಿಲ್ಲಾ ಮಟ್ಟದಲ್ಲೂ ಇದೇ ಎದುರಾಗುತ್ತದೆ ಅಂತ ಗೊತ್ತು. ಯಾರನ್ನು ಎಲ್ಲಿ ನಿಲ್ಲಿಸಬೇಕು? ಇದು ಝೋನೋ ಅಲ್ಲವೋ ಅಂತ ಮಕ್ಕಳೇ ಗುರುತು ಹಿಡಿಯುವುದು ಹೇಗೆ? ಇನ್ನೊಂದು ಸಣ್ಣ ಅನುಮಾನ. ಒಬ್ಬ ಪೋಷಕರು "ಅವರ ಸೆಂಟರ್ ರಿಂಗ್ ಕೆಳಗೇ ನಿಂತಿದ್ದಾಳೆ, ಮೂರು ಸೆಕೆಂಡ್ ಕೊಡಿ" ಅಂತ ರೆಫರಿ ಜೊತೆ ಜಗಳಕ್ಕೇ ನಿಂತರು. ಅದು ಸರಿಯಾ?

ಮಲ್ಲೇಶ್ವರಂ_ಗಾರ್ಡ್

ಸರ್, ಕೊನೆಯ ಪ್ರಶ್ನೆ ಮೊದಲು ಮುಗಿಸುತ್ತೇನೆ. ಆ ಪೋಷಕರು ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಜಾಸ್ತಿ ನೋಡುತ್ತಾರೆ ಅನ್ನಿಸುತ್ತದೆ. ಎನ್‌ಬಿಎಯಲ್ಲಿ 2001ರವರೆಗೆ ಝೋನ್ ಆಡುವುದಕ್ಕೇ ಅವಕಾಶ ಇರಲಿಲ್ಲ. 2001-02ರಿಂದ ಬಿಟ್ಟರು, ಆದರೆ ಡಿಫೆನ್ಸ್ ಮಾಡುವವನು ಯಾರನ್ನೂ ಕಾಯದೆ ಪೇಂಟಿನಲ್ಲಿ (ರಿಂಗ್ ಮುಂದೆ ಫ್ರೀ ಥ್ರೋ ಗೆರೆಯವರೆಗಿನ ಚೌಕದಲ್ಲಿ) ಸುಮ್ನೆ ಮೂರು ಸೆಕೆಂಡಿಗಿಂತ ಜಾಸ್ತಿ ನಿಲ್ಲಬಾರದು ಅಂತ ಒಂದು ನಿಯಮ ಸೇರಿಸಿದರು. ನಾವು ಆಡುವುದು ಫೀಬಾ, ಅಂದರೆ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆಯ ನಿಯಮ. ಇಲ್ಲಿ ಮೂರು ಸೆಕೆಂಡ್ ಇರುವುದು ದಾಳಿ ಮಾಡುವ ತಂಡಕ್ಕೆ ಮಾತ್ರ. ಅವರ ಸೆಂಟರ್ ಪಂದ್ಯ ಪೂರ್ತಿ ರಿಂಗ್ ಕೆಳಗೇ ನಿಂತರೂ ರೆಫರಿ ಏನೂ ಮಾಡುವ ಹಾಗಿಲ್ಲ.

ಈಗ ಮುಖ್ಯ ವಿಷಯ. ಮ್ಯಾನ್ ಟು ಮ್ಯಾನ್‌ನಲ್ಲಿ ಡಿಫೆಂಡರ್ ನೋಡುವುದು ಆಟಗಾರ್ತಿಯನ್ನು. ಝೋನ್‌ನಲ್ಲಿ ಐದೂ ಜನ ನೋಡುವುದು ಚೆಂಡನ್ನು. ಚೆಂಡು ಬಲಕ್ಕೆ ಹೋದರೆ ಐವರೂ ಬಲಕ್ಕೆ ಸರಿಯುತ್ತಾರೆ. ಅಂದರೆ ಅವರನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದು ನಿಮ್ಮ ಕೈಯಲ್ಲಿದೆ. ನಿಮ್ಮವರು ಎಷ್ಟು ಓಡಿದರೂ ಝೋನ್ ಅಲುಗಾಡಲ್ಲ, ಚೆಂಡು ಓಡಿದರೆ ಮಾತ್ರ ಅಲುಗಾಡುತ್ತದೆ. ಅದೂ ನೀವು ಬರೆದ ಹಾಗೆ ಹೊರಗಿನಿಂದ ಹೊರಗೆ ನಿಧಾನವಾಗಿ ಹೋದರೆ ಸಾಲದು. ಅಷ್ಟರಲ್ಲಿ ಅವರು ಆರಾಮಾಗಿ ಸರಿದು ನಿಂತಿರುತ್ತಾರೆ.

2-3ಗೆ ಎದುರಾಗಿ ನಿಮ್ಮ ಮುಂದಿನ ಸಾಲಿನಲ್ಲೂ ಇಬ್ಬರನ್ನು ನಿಲ್ಲಿಸಬೇಡಿ. ಅವರ ಮುಂದಿನ ಇಬ್ಬರು ಗಾರ್ಡ್‌ಗಳಿಗೆ ನಿಮ್ಮ ಇಬ್ಬರು ಸರಿಯಾಗಿ ಸಿಕ್ಕಿಬಿಡುತ್ತಾರೆ. ಒಬ್ಬಳನ್ನೇ ಮೇಲೆ, ಅಂದರೆ ರಿಂಗಿನಿಂದ ದೂರದ ಕಡೆ ನಡುವೆ, ಅವರಿಬ್ಬರ ಸಂದಿಗೆ ಎದುರಾಗಿ ನಿಲ್ಲಿಸಿ. ಇವಳು ನಿನ್ನವಳಾ ನನ್ನವಳಾ ಅನ್ನುವ ಗೊಂದಲ ಅಲ್ಲೇ ಶುರು. ಎರಡೂ ಪಕ್ಕದಲ್ಲಿ ಫ್ರೀ ಥ್ರೋ ಗೆರೆಯ ಮಟ್ಟಕ್ಕೆ ಒಬ್ಬೊಬ್ಬರು. ಫ್ರೀ ಥ್ರೋ ಗೆರೆಯ ನಡುವೆ ಒಬ್ಬಳು, ಅದು ಹೈ ಪೋಸ್ಟ್. ಐದನೆಯವಳು ಅವರ ಹಿಂದಿನ ಮೂವರ ಬೆನ್ನ ಹಿಂದೆ, ಬೇಸ್‌ಲೈನ್ (ರಿಂಗ್ ಹಿಂದಿನ ಗಡಿ ಗೆರೆ) ಪಕ್ಕ, ಪೇಂಟಿನ ಹೊರಗೆ. ರಿಂಗಿಗೂ ಮೂಲೆಗೂ ಮಧ್ಯೆ ಇರುವ ಈ ಜಾಗಕ್ಕೆ ಶಾರ್ಟ್ ಕಾರ್ನರ್ ಅನ್ನುತ್ತೇವೆ. ಪೇಂಟಿನ ಹೊರಗಿರುವುದರಿಂದ ಮೂರು ಸೆಕೆಂಡಿನ ಭಯ ಇಲ್ಲ, ಡಿಫೆಂಡರ್‌ಗಳು ಚೆಂಡು ನೋಡುತ್ತಿರುವುದರಿಂದ ಅವಳು ಕಣ್ಣಿಗೂ ಬೀಳಲ್ಲ. ಚೆಂಡು ಯಾವ ಕಡೆಗೋ ಅವಳೂ ಆ ಕಡೆಗೆ ಓಡುತ್ತಿರಬೇಕು.

ಇನ್ನು ಚೆಂಡು ಹೈ ಪೋಸ್ಟಿಗೆ ಹೋಗಲೇಬೇಕು. ಅಲ್ಲಿಗೆ ಹೋದ ತಕ್ಷಣ ಅವರ ಹಿಂದಿನ ನಡುವಿನವಳು ಏನಾದರೂ ಒಂದು ನಿರ್ಧಾರ ಮಾಡಬೇಕಾಗುತ್ತದೆ. ಅವಳು ಮುಂದೆ ಬಂದರೆ ರಿಂಗ್ ಕೆಳಗೆ ಖಾಲಿ, ಶಾರ್ಟ್ ಕಾರ್ನರ್‌ನಲ್ಲಿರುವವಳು ಒಳಗೆ ಕಾಲಿಟ್ಟರೆ ಲೇ-ಅಪ್. ಬರದಿದ್ದರೆ ಬೋರ್ಡಿನಿಂದ 4.6 ಮೀಟರ್ ದೂರದಲ್ಲಿ ಅಡ್ಡ ಯಾರೂ ಇಲ್ಲದ ಶಾಟ್. ಮುಂದಿನ ಇಬ್ಬರು ಗಾರ್ಡ್‌ಗಳು ಹಿಂದೆ ಬಂದು ಮುತ್ತಿಕೊಂಡರೆ ಪಕ್ಕದಲ್ಲಿ ನಿಂತವರು ಖಾಲಿ. ಆದರೆ ಚೆಂಡು ಸಿಕ್ಕವಳು ಮೊದಲು ರಿಂಗ್ ಕಡೆ ತಿರುಗಬೇಕು. ಮಕ್ಕಳು ರಿಂಗಿಗೆ ಬೆನ್ನು ಹಾಕಿಕೊಂಡು ಚೆಂಡು ಹಿಡಿದು, ಹಾಗೇ ಕೊಟ್ಟವಳಿಗೇ ವಾಪಸ್ ಕೊಟ್ಟುಬಿಡುತ್ತಾರೆ. ಮೇಲೆ ಹೇಳಿದ್ದೆಲ್ಲ ಅಲ್ಲಿಗೆ ದಂಡ.

ಗುರುತು ಹಿಡಿಯುವುದು ಬಹಳ ಸುಲಭ. ಒಬ್ಬಳನ್ನು ಚೆಂಡಿಲ್ಲದೆ ಈ ಕಡೆಯಿಂದ ಆ ಕಡೆಗೆ ಅಡ್ಡ ಓಡಿಸಿ. ಒಬ್ಬಳೇ ಡಿಫೆಂಡರ್ ಕೊನೆವರೆಗೂ ಬೆನ್ನು ಹತ್ತಿದರೆ ಮ್ಯಾನ್. ಅರ್ಧಕ್ಕೆ ಬಿಟ್ಟು ಇನ್ನೊಬ್ಬಳಿಗೆ ಒಪ್ಪಿಸಿದರೆ ಝೋನ್.

ಕುಡ್ಲ_ಬಾಲರ್

ಮೇಲಿನವರು ಎಲ್ಲ ಸರಿಯಾಗಿ ಹೇಳಿದ್ದಾರೆ, ಆದರೆ ಅದಕ್ಕೂ ಮೊದಲಿನ ಒಂದು ವಿಷಯ ಇದೆ ಮಾರಾಯ್ರೆ. ಝೋನ್ ನಿಲ್ಲುವುದಕ್ಕೆ ಅವರೈವರೂ ಹಿಂದಕ್ಕೆ ಓಡಿ ಬಂದು ತಮ್ಮ ತಮ್ಮ ಜಾಗ ಹಿಡಿಯಬೇಕಲ್ಲ. ಅಷ್ಟರೊಳಗೆ ನೀವು ಅಲ್ಲಿದ್ದರೆ ಝೋನೇ ಇಲ್ಲ! ರಿಬೌಂಡ್, ಅಂದರೆ ಶಾಟ್ ತಪ್ಪಿ ವಾಪಸ್ ಬಂದ ಚೆಂಡು ಸಿಕ್ಕ ಕೂಡಲೇ ಒಂದು ಪಾಸ್ ಹೊರಗೆ, ಇಬ್ಬರು ಎರಡೂ ಗೆರೆ ಹಿಡಿದು ಓಟ. ನಮ್ಮ ಶಾಲಾ ತಂಡದಲ್ಲಿ ಎತ್ತರದವರೇ ಇರಲಿಲ್ಲ, ನಮ್ಮ ಪಾಯಿಂಟ್ ಬಹಳಷ್ಟು ಹೀಗೇ ಬರುತ್ತಿತ್ತು.

ಮತ್ತೆ ರಿಬೌಂಡ್. ಮ್ಯಾನ್ ಟು ಮ್ಯಾನ್‌ನಲ್ಲಿ ಶಾಟ್ ಹೋದಾಗ ಪ್ರತಿಯೊಬ್ಬರಿಗೂ ಅಡ್ಡ ಹಾಕಲು ಒಬ್ಬ ಆಳು ಇರುತ್ತಾನೆ. ಝೋನ್‌ನಲ್ಲಿ ಯಾರು ಯಾರಿಗೆ ಅಡ್ಡ ನಿಲ್ಲಬೇಕು ಅಂತ ಅವರಿಗೇ ಗೊತ್ತಿರುವುದಿಲ್ಲ. ಶಾಟ್ ಬಲದಿಂದ ಹೋದರೆ ಎಡಗಡೆಯವಳು ಸುಮ್ನೆ ನೋಡುತ್ತಾ ನಿಲ್ಲದೆ ರಿಂಗ್ ಕಡೆ ನುಗ್ಗಬೇಕು. ನಿಮ್ಮ ಹುಡುಗಿಯರ ಶಾಟ್ ಬೀಳದಿದ್ದರೂ ಚಿಂತೆ ಇಲ್ಲ, ಎರಡನೇ ಸಲ ಹಾಕಬಹುದು.

ಡಲ್ಲಾಸ್_ಅಪ್ಪ

ನನ್ನದು ಸ್ವಲ್ಪ ಬೇರೆ ಮಾತು. ನನ್ನ ಮಗ ಇಲ್ಲಿ ಅಮೆರಿಕದಲ್ಲಿ ಆಡುತ್ತಾನೆ. ಇಲ್ಲಿ ಯುಎಸ್‌ಎ ಬಾಸ್ಕೆಟ್‌ಬಾಲ್ ಮತ್ತು ಎನ್‌ಬಿಎ ಸೇರಿ ಮಕ್ಕಳ ಆಟಕ್ಕೆ ಮಾರ್ಗಸೂಚಿ ಮಾಡಿದ್ದಾರೆ, ಅದರ ಪ್ರಕಾರ 11 ವರ್ಷದವರೆಗೆ ಝೋನ್ ಬೇಡ, ಮ್ಯಾನ್ ಟು ಮ್ಯಾನ್ ಮಾತ್ರ. ಇಂಗ್ಲೆಂಡ್, ಆಸ್ಟ್ರೇಲಿಯಾದಲ್ಲೂ ಚಿಕ್ಕವರ ಪಂದ್ಯಗಳಲ್ಲಿ ಝೋನ್‌ಗೆ ಕಡಿವಾಣ ಇದೆ. ಕಾರಣ ಸರಳ. ಚಿಕ್ಕ ಮಕ್ಕಳಿಗೆ ದೂರದ ಪಾಸ್ ಕೊಡುವ ತೋಳಿನ ಬಲ ಇರಲ್ಲ, 6.75 ಮೀಟರ್ ದೂರದ ತ್ರೀ ಪಾಯಿಂಟ್ ಗೆರೆಯ ಆಚೆಯಿಂದ ಶಾಟ್ ಬೀಳಲ್ಲ. ಹಾಗಿದ್ದಾಗ ಐವರನ್ನು ರಿಂಗ್ ಸುತ್ತ ನಿಲ್ಲಿಸಿದರೆ ಗೆಲುವು ಬಂದೇ ಬರುತ್ತದೆ. ಆದರೆ ನಿಂತವರು ಏನು ಕಲಿತರು? ಒಬ್ಬಳನ್ನು ಎದುರಿಗೆ ಇಟ್ಟುಕೊಂಡು ಕಾಲು ಸರಿಸುವುದನ್ನೇ ಕಲಿಯದೆ 17ರ ಗುಂಪಿಗೆ ಹೋದರೆ ಅಲ್ಲಿ ಒದ್ದಾಡುತ್ತಾರೆ. ನನ್ನ ಪ್ರಕಾರ ನಮ್ಮ ಶಾಲಾ ಪಂದ್ಯಗಳಲ್ಲೂ 14ರ ಒಳಗಿನವರಿಗೆ ಝೋನ್ ಬ್ಯಾನ್ ಮಾಡಬೇಕು.

ಮಲ್ಲೇಶ್ವರಂ_ಗಾರ್ಡ್

ಅಣ್ಣಾ, ಬ್ಯಾನ್ ಮಾಡಿದರೆ ಅದು ಝೋನೋ ಅಲ್ಲವೋ ಅಂತ ತೀರ್ಮಾನ ಮಾಡುವುದಕ್ಕೆ ಇನ್ನೊಬ್ಬ ರೆಫರಿ ಬೇಕು. ತಾಲೂಕು ಪಂದ್ಯಕ್ಕೆ ಇಬ್ಬರು ಸಿಕ್ಕರೇ ಪುಣ್ಯ. ಅಲ್ಲದೆ ಖೋಖೋ, ಕಬಡ್ಡಿ, ಓಟ ಎಲ್ಲವನ್ನೂ ಒಬ್ಬರೇ ಮೇಷ್ಟ್ರು ನೋಡಿಕೊಳ್ಳುವ ಶಾಲೆಯಲ್ಲಿ ಮ್ಯಾನ್ ಟು ಮ್ಯಾನ್ ಕಲಿಸಲು ಸಮಯ ಎಲ್ಲಿದೆ ಹೇಳಿ.

ಝೋನ್ ಅಂದರೆ ಸೋಮಾರಿಗಳ ಆಟ ಅಂತ ಕೆಲವರು ಅನ್ನುತ್ತಾರೆ, ಅದನ್ನೂ ನಾನು ಒಪ್ಪಲ್ಲ. ಚೆನ್ನಾಗಿ ಆಡಿದರೆ ಬೆವರು ಇಳಿಯುತ್ತದೆ. ಪಾಸ್ ಗಾಳಿಯಲ್ಲಿರುವಾಗಲೇ ಐವರೂ ಸರಿಯಬೇಕು, ಚೆಂಡು ಎದುರಿನವಳ ಕೈ ಸೇರಿದ ಮೇಲೆ ಸರಿದರೆ ತಡವಾಯಿತು. ಕೈ ಮೇಲೆತ್ತಿರಬೇಕು, ಬಾಯಿ ಮುಚ್ಚಿರಬಾರದು. ಅಮೆರಿಕದ ಕಾಲೇಜು ಆಟದಲ್ಲಿ ಸಿರಾಕ್ಯೂಸ್ ತಂಡಕ್ಕೆ 2023ರವರೆಗೆ ಕೋಚ್ ಆಗಿದ್ದ ಜಿಮ್ ಬೋಹೈಮ್ 2-3 ಝೋನ್‌ಗೇ ಹೆಸರಾದವರು. 2003ರ ಫೈನಲ್‌ನಲ್ಲಿ ಕ್ಯಾನ್ಸಸ್ ವಿರುದ್ಧ 81-78ರಲ್ಲಿ ಗೆದ್ದರು. ಕೊನೇ ಕ್ಷಣದಲ್ಲಿ ಕ್ಯಾನ್ಸಸ್‌ನ ಮೈಕಲ್ ಲೀಗೆ ಮೂಲೆಯಲ್ಲಿ ತ್ರೀ ಪಾಯಿಂಟ್ ಶಾಟ್ ಸಿಕ್ಕಿತ್ತು. 2-3 ಯಾವಾಗಲೂ ಖಾಲಿ ಬಿಡುವುದು ಆ ಮೂಲೆಯನ್ನೇ. ಒಳಗಿನಿಂದ ಹಕೀಮ್ ವಾರಿಕ್ ಹಾರಿ ಬಂದು ಅದನ್ನು ಬ್ಲಾಕ್ ಮಾಡಿದ. ಆ ವಿಡಿಯೊ ಹುಡುಕಿ ಮಕ್ಕಳಿಗೆ ತೋರಿಸಿ. ಝೋನ್‌ನ ಶಕ್ತಿ, ದೌರ್ಬಲ್ಯ ಎರಡೂ ಒಂದೇ ಆಟದಲ್ಲಿ ಸಿಗುತ್ತವೆ.

ಹೈಸ್ಕೂಲ್_ಪಿಟಿ

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಹೇಳಿದ ಹಾಗೆ ನಿಲ್ಲಿಸಿ ಪ್ರಾಕ್ಟೀಸ್ ಮಾಡಿಸಿದೆ. ಎರಡು ತೊಂದರೆ ಕಾಣುತ್ತಿದೆ. ತಂಡದಲ್ಲಿ ಎತ್ತರದವಳನ್ನು ಹೈ ಪೋಸ್ಟ್‌ನಲ್ಲಿ ನಿಲ್ಲಿಸಿದ್ದೇನೆ, ಚೆಂಡು ಸಿಕ್ಕಿದರೆ ಗಾಬರಿಯಾಗಿ ತಲೆ ತಗ್ಗಿಸಿ ಡ್ರಿಬಲ್ ಮಾಡಿಕೊಂಡು ಮೂವರ ಮಧ್ಯೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತಾಳೆ. ಎರಡನೆಯದು, ಯೂಟ್ಯೂಬಿನಲ್ಲಿ ಎಲ್ಲರೂ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ನೇರವಾಗಿ ಸ್ಕಿಪ್ ಪಾಸ್ ಕೊಡಿ ಅನ್ನುತ್ತಾರೆ. ನಮ್ಮವರು ಕೊಟ್ಟರೆ ಅದು ಗಾಳಿಯಲ್ಲಿ ತೇಲಿಕೊಂಡು ಹೋಗುತ್ತದೆ, ಎದುರಿನವರು ಹಿಡಿದುಕೊಂಡು ಓಡುತ್ತಾರೆ.

ಧಾರವಾಡ_ಕೋಚಕ್ಕ

ಸರ್, ಎತ್ತರದವಳನ್ನು ಅಲ್ಲಿಂದ ತೆಗೆಯಿರಿ. ಹೈ ಪೋಸ್ಟಿಗೆ ಬೇಕಾದದ್ದು ಎತ್ತರ ಅಲ್ಲ, ತಲೆ ಎತ್ತಿ ನೋಡುವವಳು. ನಿಮ್ಮ ತಂಡದಲ್ಲಿ ಗಾಬರಿಯಾಗದ ಹುಡುಗಿ ಯಾರು, ಸಾಮಾನ್ಯವಾಗಿ ಅವಳು ಎರಡನೇ ಗಾರ್ಡ್ ಆಗಿರುತ್ತಾಳೆ, ಅವಳನ್ನು ನಡುವೆ ತನ್ನಿ. ಎತ್ತರದವಳು ಬೇಸ್‌ಲೈನ್‌ಗೆ. ಚೆಂಡು ಸಿಕ್ಕಾಗ ಅವಳು ರಿಂಗ್ ಪಕ್ಕದಲ್ಲೇ ಇರುತ್ತಾಳೆ, ಡ್ರಿಬಲ್ ಮಾಡುವ ಕೆಲಸವೇ ಇರಲ್ಲ. ಮತ್ತೆ ನಡುವಿನವಳು ಮೊದಲಿನಿಂದಲೇ ಅಲ್ಲಿ ಕಂಬದ ಹಾಗೆ ನಿಲ್ಲಬಾರದು. ಫ್ರೀ ಥ್ರೋ ಗೆರೆಯ ಈ ಕೊನೆಯಿಂದ ಸರಕ್ಕನೆ ನಡುವೆ ಬಂದು ಚೆಂಡು ಕೇಳಬೇಕು.

ಸ್ಕಿಪ್ ಪಾಸ್ ಮರೆತುಬಿಡಿ. ಈ ವಯಸ್ಸಿಗೆ ಅದು ದುಬಾರಿ. ಪಕ್ಕದಿಂದ ಹೈ ಪೋಸ್ಟಿಗೆ, ಅಲ್ಲಿಂದ ಆ ಪಕ್ಕಕ್ಕೆ, ಎರಡು ಚಿಕ್ಕ ಪಾಸ್. ದೂರ ಅದೇ, ಆದರೆ ಚೆಂಡು ತೇಲಲ್ಲ. ಅಂದ ಹಾಗೆ 6ನೇ ನಂಬರ್ ಚೆಂಡಿನಲ್ಲೇ ಆಡಿಸುತ್ತಿದ್ದೀರಿ ತಾನೆ? ಎಷ್ಟೋ ಶಾಲೆಗಳಲ್ಲಿ ಹುಡುಗರಿಗೆ ತಂದ ದೊಡ್ಡ 7ನೇ ನಂಬರನ್ನೇ ಹುಡುಗಿಯರ ಕೈಗೂ ಕೊಟ್ಟಿರುತ್ತಾರೆ, ಆಮೇಲೆ ಪಾಸ್ ತಲುಪಲ್ಲ ಅಂತ ಬೈಯುತ್ತಾರೆ.

ಇನ್ನು ಪಾಸಿಗಿಂತ ಸುಳ್ಳು ಪಾಸ್ ಜಾಸ್ತಿ ಕೆಲಸ ಮಾಡುತ್ತದೆ. ಬಲಕ್ಕೆ ಕೊಡುವ ಹಾಗೆ ಕೈ ಚಾಚಿ ನಿಲ್ಲಿಸಿದರೆ ಇಡೀ ಝೋನ್ ಒಂದು ಹೆಜ್ಜೆ ಆ ಕಡೆ ವಾಲುತ್ತದೆ. ಆಗ ಎಡಕ್ಕೆ ಕೊಡಬೇಕು. ನಮ್ಮ ಮಕ್ಕಳಿಗೆ ನಾನು ಇದನ್ನು ಕಬಡ್ಡಿಯಿಂದಲೇ ಹೇಳಿಕೊಡುತ್ತೇನೆ. ರೇಡರ್ ಒಂದು ಮೂಲೆಗೆ ಹೋಗುವ ಹಾಗೆ ಮಾಡಿ ಸರಪಳಿ ಆ ಕಡೆ ಸರಿದಾಗ ಇನ್ನೊಂದು ಮೂಲೆಗೆ ನುಗ್ಗುತ್ತಾಳಲ್ಲ, ಅದೇ ಲೆಕ್ಕ. ತಕ್ಷಣ ಅರ್ಥವಾಗುತ್ತದೆ.

ಡ್ರಿಬಲ್ ಪೂರ್ತಿ ಬೇಡ ಅಂತಲ್ಲ. ಇಬ್ಬರು ಡಿಫೆಂಡರ್‌ಗಳ ಸಂದಿಗೆ ಒಂದೋ ಎರಡೋ ಸಲ ಚೆಂಡು ಬಡಿದು ನುಗ್ಗುವುದು, ಇಬ್ಬರೂ ಮೈಮೇಲೆ ಬಂದ ಕೂಡಲೇ ನಿಂತು ಪಾಸ್. ಎರಡು ಜನ ಒಬ್ಬಳ ಮೇಲೆ ಬಂದರೆ ಎಲ್ಲೋ ಒಬ್ಬಳು ಖಾಲಿ ಇದ್ದೇ ಇರುತ್ತಾಳೆ ಅಲ್ವಾ.

ಪ್ರಾಕ್ಟೀಸಿಗೆ ಇದೊಂದು ಮಾಡಿ ನೋಡಿ. ಐವರಿಗೆ ಐವರು, ದಾಳಿ ಮಾಡುವವರಿಗೆ ಡ್ರಿಬಲ್ ಇಲ್ಲವೇ ಇಲ್ಲ. ಚೆಂಡು ಎರಡೂ ಪಕ್ಕ ಮುಟ್ಟಿ, ಒಂದು ಸಲವಾದರೂ ಹೈ ಪೋಸ್ಟಿಗೆ ಹೋಗಿ ಬಂದ ಮೇಲೇ ಶಾಟ್. ಅದಕ್ಕೆ ಮೊದಲು ಹಾಕಿದ್ದು ಬಿದ್ದರೂ ಲೆಕ್ಕಕ್ಕಿಲ್ಲ. ಮೊದಮೊದಲು ಬರೀ ಗಲಾಟೆ ಆಗುತ್ತದೆ, ನೀವು ಮಧ್ಯೆ ಬಾಯಿ ಹಾಕಬೇಡಿ. ನಿಮಗೆ 24 ಸೆಕೆಂಡಿನ ಗಡಿಯಾರ ಇಲ್ಲದಿರುವುದು ಒಂದು ರೀತಿ ಅನುಕೂಲವೇ, ಒಳ್ಳೆ ಶಾಟ್ ಸಿಗುವವರೆಗೂ ಚೆಂಡು ತಿರುಗಿಸುತ್ತಾ ಇರಬಹುದು.

ಡಲ್ಲಾಸ್ ಅಣ್ಣನವರ ಮಾತಿಗೆ ನನ್ನ ಅರ್ಧ ಓಟು. ಬ್ಯಾನ್ ಬೇಡ, ಆದರೆ ನಿಮ್ಮ ತಂಡಕ್ಕೆ ಮೊದಲು ಮ್ಯಾನ್ ಕಲಿಸಿ. ಮ್ಯಾನ್ ಬಂದವರಿಗೆ ಝೋನ್ ಬೇಗ ಬರುತ್ತದೆ, ಉಲ್ಟಾ ಆಗಲ್ಲ.

ಹೈಸ್ಕೂಲ್_ಪಿಟಿ

ಮೇಡಂ, 7ನೇ ನಂಬರೇ ಸ್ಟೋರ್ ರೂಮಿನಲ್ಲಿ ಇರುವುದು, ಈ ವಾರ 6 ತರಿಸುತ್ತೇನೆ. ಒಂದೇ ಒಂದು ಪ್ರಶ್ನೆ. ಜಿಲ್ಲಾ ಮಟ್ಟದಲ್ಲಿ ಒಂದು ತಂಡ ಮುಂದೆ ಮೂವರು, ಹಿಂದೆ ಇಬ್ಬರು ಅಂತ ನಿಲ್ಲುತ್ತದಂತೆ. ಆಗಲೂ ಇದೇನಾ?

ಧಾರವಾಡ_ಕೋಚಕ್ಕ

ಇಲ್ಲ, ಆಗ ಮೇಲೆ ಇಬ್ಬರನ್ನು ನಿಲ್ಲಿಸಿ. ಅವರ ಮೂವರ ನಡುವೆ ಎರಡು ಸಂದಿ ಇರುತ್ತದೆ, ಒಂದೊಂದಕ್ಕೆ ಒಬ್ಬೊಬ್ಬಳು. ಹೈ ಪೋಸ್ಟ್ ಹಾಗೇ ಇರಲಿ. ಉಳಿದ ಇಬ್ಬರನ್ನು ಎರಡು ಮೂಲೆಗೆ ಇಳಿಸಿ, ಏಕೆಂದರೆ 3-2ರಲ್ಲಿ ಹಿಂದೆ ಇಬ್ಬರೇ, ಅವರು ಮೂಲೆಗೂ ಹೋಗಬೇಕು ರಿಂಗನ್ನೂ ಕಾಯಬೇಕು. ಚೆಂಡು ಒಂದು ಮೂಲೆಗೆ ಹೋದ ಕೂಡಲೇ ಹೈ ಪೋಸ್ಟಿನವಳು ನೇರವಾಗಿ ರಿಂಗ್ ಕಡೆ ಓಡಲಿ. ನಿಮ್ಮ ಹತ್ತಿರ ಪಂದ್ಯದ ವಿಡಿಯೊ ಇದ್ದರೆ ಹಾಕಿ, ಹುಡುಗಿಯರ ಮುಖ ಕಾಣದ ಹಾಗೆ ಮೇಲಿನಿಂದ ತೆಗೆದದ್ದಾದರೆ ಒಳ್ಳೆಯದು.